ತಾಲ್ಲೂಕುವಾರು ಬಡತನದ ಲೆಕ್ಕ: ಮೊದಲು ಗಡಿ, ಆಮೇಲೆ ಮಾಡೆಲ್

ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನೇ ತೆಗೆದುಕೊಳ್ಳಿ: ಸುರಪುರದಲ್ಲಿ ಬಡತನ ಎಷ್ಟು ಇಳಿಯಿತು, ಔರಾದ್‌ನಲ್ಲಿ ಎಷ್ಟು? ಈ ಪ್ರಶ್ನೆ ಹಿಡಿದವರು ಸಾಮಾನ್ಯವಾಗಿ ಅಂಕಿ-ಅಂಶ ಇಳಿಸಿಕೊಂಡ ದಿನವೇ ಸಂಖ್ಯಾಶಾಸ್ತ್ರದ ಮಾಡೆಲ್ ಓಡಿಸುತ್ತಾರೆ. ನಕ್ಷೆ ಚೆನ್ನಾಗಿಯೇ ಬರುತ್ತದೆ, ಲೆಕ್ಕ ಮಾತ್ರ ತಾಲ್ಲೂಕಿನ ಗಡಿಯಲ್ಲೇ ಕೆಟ್ಟಿರುತ್ತದೆ.

ಹಂತ 1: ಅಳತೆಗೋಲು

2011–12 ಮತ್ತು 2022–23ರ ಬಳಕೆ ವೆಚ್ಚ ಸಮೀಕ್ಷೆಗಳನ್ನು ಪಕ್ಕಪಕ್ಕ ಇಡಲೇಬೇಡಿ. ಎರಡನೆಯದರಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಕೇಳಿದ್ದಾರೆ, ವಿಧಾನವೇ ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 4 ಮತ್ತು 5ನೇ ಸುತ್ತು ತೆಗೆದುಕೊಂಡು ನೀತಿ ಆಯೋಗದ 12 ಸೂಚಕಗಳ ಬಹುಆಯಾಮ ಬಡತನ (ಆದಾಯವನ್ನಲ್ಲ, ಆರೋಗ್ಯ, ಶಿಕ್ಷಣ, ಜೀವನಮಟ್ಟದ ಕೊರತೆಯನ್ನು ಅಳೆಯುವುದು) ಲೆಕ್ಕ ಹಾಕಿ. ಕರ್ನಾಟಕದ ಪ್ರಮಾಣ ಶೇ 12.77ರಿಂದ 7.58ಕ್ಕೆ ಇಳಿದಿದೆ. ನಿಮಗೆ ಇದೇ ಅಂಕಿ ಬರದಿದ್ದರೆ ಸೂಚಕ ಕಟ್ಟುವಾಗಲೇ ಎಡವಿದ್ದೀರಿ.

ಗುಳೆಯನ್ನೂ ಮರೆಯಬೇಡಿ. ರಾಜ್ಯದಲ್ಲಿ 4ನೇ ಸುತ್ತು ನಡೆದದ್ದು 2015ರ ಫೆಬ್ರುವರಿಯಿಂದ ಜುಲೈವರೆಗೆ, 5ನೆಯದು 2019ರ ಜುಲೈಯಿಂದ ಡಿಸೆಂಬರ್‌ವರೆಗೆ. ರಾಶಿ ಮುಗಿದು ಪುಣೆ, ಮುಂಬೈ, ಹೈದರಾಬಾದ್‌ಗೆ ಹೋದವರ ಮನೆಗೆ ಬೇಸಿಗೆಯಲ್ಲಿ ಬೀಗ. ಬೀಗದ ಮನೆ ಸಮೀಕ್ಷೆಗೆ ಸಿಗುವುದಿಲ್ಲ, ಆ ಸುತ್ತಿನ ಬಡತನ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಹಂತ 2: ಗಡಿ ಹೊಂದಿಸುವುದು

ಅರ್ಧ ಸಮಯ ಇಲ್ಲಿಗೇ ಮೀಸಲಿಡಿ. ಯಾದಗಿರಿ 2009ರ ಕೊನೆಯವರೆಗೆ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯೊಳಗಿತ್ತು. ಆಮೇಲೆ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಹುಣಸಗಿ, ವಡಗೇರಾ, ಗುರುಮಠಕಲ್, ಚಿಟಗುಪ್ಪ, ಹುಲಸೂರ, ಕಮಲನಗರ ತಾಲ್ಲೂಕುಗಳಾದವು. 2011ರ ಚಿತ್ತಾಪುರದಲ್ಲಿ ಶಹಾಬಾದ್ ಇತ್ತು, ಈಗಿನದರಲ್ಲಿ ಇಲ್ಲ. ಎರಡನ್ನೂ ಹೆಸರು ನೋಡಿ ಜೋಡಿಸಿದರೆ ಊರುಗಳು ಕಳಚಿದ್ದೇ ಬಡತನ ಏರಿಳಿದಂತೆ ಕಾಣುತ್ತದೆ.

ಆದ್ದರಿಂದ 2011ರ ಜನಗಣತಿಯ ತಾಲ್ಲೂಕನ್ನೇ ಆಧಾರವಾಗಿಟ್ಟು ಹೊಸದನ್ನೆಲ್ಲ ಗ್ರಾಮದ ಕೋಡ್ ಹಿಡಿದು ಅದರೊಳಗೆ ಮಡಚಿ. ಹೊಸ ತಾಲ್ಲೂಕು ಒಂದೇ ಹಳೆಯ ತಾಲ್ಲೂಕಿನಿಂದ ಬಂತೆಂದು ಊಹಿಸದೆ ಹೋಬಳಿ ಪಟ್ಟಿ ನೋಡಿ. ಹೆಸರು ಹೊಂದಿಸುವ ತಂತ್ರಾಂಶ ಈ ಭಾಗಕ್ಕೆ ಆಗದು: ಊರ ಹೆಸರಿನ ಮುಂದಿನ ‘ಕೆ’, ‘ಬಿ’ಗಳನ್ನು ಅದು ಕಸವೆಂದು ತೆಗೆದುಹಾಕುತ್ತದೆ. ಖುರ್ದ್ ಎಂದರೆ ಚಿಕ್ಕದು, ಬುಜುರ್ಗ್ ಎಂದರೆ ದೊಡ್ಡದು; ಅವೆರಡು ಬೇರೆಬೇರೆ ಊರು. ಬೇಚರಾಕ್ (ಜನವಸತಿಯಿಲ್ಲದ) ಗ್ರಾಮಗಳು ನಕ್ಷೆಯಲ್ಲಿರಲಿ, ತೂಕ ಮಾತ್ರ ಸೊನ್ನೆ.

ಇನ್ನೊಂದು ಗುಂಡಿ ಜಿಪಿಎಸ್. ಮನೆಯವರ ಗುಟ್ಟು ಕಾಯಲು ಸಮೀಕ್ಷೆ ನಡೆದ ಜಾಗಗಳ ಬಿಂದುಗಳನ್ನು ಬೇಕೆಂದೇ ಸರಿಸಿರುತ್ತಾರೆ: ನಗರದಲ್ಲಿ 2 ಕಿ.ಮೀ., ಹಳ್ಳಿಯಲ್ಲಿ 5 ಕಿ.ಮೀ.ವರೆಗೆ, ಹಳ್ಳಿಗಳಲ್ಲಿ ನೂರಕ್ಕೊಂದು ಬಿಂದು 10 ಕಿ.ಮೀ.ವರೆಗೆ. ಬಿಂದು ಜಿಲ್ಲೆ ದಾಟುವುದಿಲ್ಲ, ತಾಲ್ಲೂಕು ದಾಟಬಹುದು. ಗ್ರಾಮೀಣ ಬಿಂದುವಿನ ಸುತ್ತ 5 ಕಿ.ಮೀ. ವೃತ್ತ ಎಳೆದು, ಅದರೊಳಗೆ ಅದೇ ಜಿಲ್ಲೆಯ ಯಾವ ತಾಲ್ಲೂಕಿನ ಜನ ಎಷ್ಟಿದ್ದಾರೋ ಆ ಪ್ರಮಾಣದಲ್ಲಿ ಹಂಚಿ.

ಹಂತ 3: ನೆರೆಹೊರೆ

ಮೂರು ಜಿಲ್ಲೆ ಸೇರಿದರೆ ಹಳೆಯ ತಾಲ್ಲೂಕು 15 ಮಾತ್ರ; ನೆರೆಯ ಪ್ರಭಾವ ಅಳೆಯಲು ಇದು ಸಾಲದು. ರಾಜ್ಯದ 2011ರ 176 ತಾಲ್ಲೂಕುಗಳನ್ನೂ ತೆಗೆದುಕೊಳ್ಳಿ. ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣದ ತುಣುಕುಗಳನ್ನೂ ಸೇರಿಸಿ. ಇಲ್ಲದಿದ್ದರೆ ಔರಾದ್, ಚಿಂಚೋಳಿಗಳ ಒಂದು ಮಗ್ಗುಲು ಖಾಲಿ. ಪುಕ್ಕಟೆ ಸಿಗುವ ನಕ್ಷೆಗಳಲ್ಲಿ ಗಡಿಗಳ ನಡುವೆ ಕೂದಲೆಳೆಯ ಸಂದು ಇರುತ್ತದೆ, ತಂತ್ರಾಂಶ ಅಕ್ಕಪಕ್ಕದ ತಾಲ್ಲೂಕನ್ನು ನೆರೆಯೆಂದು ಗುರುತಿಸುವುದಿಲ್ಲ. ನೆರೆಯ ತಾಲ್ಲೂಕುಗಳನ್ನು ಜೋಡಿಸುವ ಗೆರೆಗಳನ್ನು ನಕ್ಷೆಯ ಮೇಲೆ ಎಳೆಸಿ ಕಣ್ಣಾರೆ ನೋಡಿ.

ನೆರೆಯಾದ ಮಾತ್ರಕ್ಕೆ ಹೋಲುತ್ತವೆ ಎಂದೂ ಅಲ್ಲ. ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರಕ್ಕೆ ಭತ್ತ ತಂದಿತು. ಪಕ್ಕದ ಹಳೆಯ ಯಾದಗಿರಿ ತಾಲ್ಲೂಕಿನ ಗುರುಮಠಕಲ್ ಕಡೆ ಮಳೆಯೇ ಗತಿ. ನೀರಾವರಿ ಪ್ರಮಾಣವನ್ನು ಪ್ರತ್ಯೇಕ ಕಾರಣಾಂಶವಾಗಿ ಹಾಕದಿದ್ದರೆ ಮಾಡೆಲ್ ಎರಡನ್ನೂ ಕಲಸಿ ಒಂದೇ ಬಣ್ಣ ಬಳಿಯುತ್ತದೆ. ಉಪಗ್ರಹದ ರಾತ್ರಿಬೆಳಕಿನ ಅಡ್ಡದಾರಿ ಬೇಡ: ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಯ ದೀಪ ಸೇಡಂ, ಚಿತ್ತಾಪುರಗಳನ್ನು ಶ್ರೀಮಂತವಾಗಿಸಿಬಿಡುತ್ತದೆ.

ಹಂತ 4: ಮಾಡೆಲ್

ಆರ್ ತಂತ್ರಾಂಶದ ಐಎನ್‌ಎಲ್‌ಎ (ಇಂಥ ಮಾಡೆಲ್‌ಗಳನ್ನು ಬೇಗ ಲೆಕ್ಕಹಾಕುವ ಪ್ಯಾಕೇಜು), ಅದರಲ್ಲಿ ಬಿವೈಎಂ2 (ನೆರೆಯ ತಾಲ್ಲೂಕುಗಳ ಮಾಹಿತಿಯನ್ನೂ ಬಳಸಿ ಅಂದಾಜಿಸುವ ಮಾಡೆಲ್). ಸಮೀಕ್ಷೆಯ ಕ್ಲಸ್ಟರ್ (ಒಂದೇ ಊರಿನ ಅಥವಾ ಬಡಾವಣೆಯ ಆಯ್ದ ಮನೆಗಳ ಗುಂಪು) ಮಟ್ಟದಲ್ಲಿ ದ್ವಿಪದ ವಿತರಣೆ, ಅಂದರೆ ಇಷ್ಟು ಜನರಲ್ಲಿ ಬಡವರು ಇಷ್ಟು ಎಂಬ ಎಣಿಕೆ, ಜೊತೆಗೆ ನಗರ–ಗ್ರಾಮ ಮತ್ತು ಸುತ್ತು. ಇರುವುದು ಎರಡೇ ಸುತ್ತು, ಕಾಲದ ಓಟ ಅಳೆಯುವ ಆಟೋರಿಗ್ರೆಸಿವ್ ಪದ ಹಾಕಬೇಡಿ. ಮೊದಲು ತಾಲ್ಲೂಕಿನ ಸರಾಸರಿ ತೆಗೆದು ಫೇ–ಹೆರಿಯಟ್ (ಆ ಸರಾಸರಿಗಳನ್ನೂ ಅವುಗಳ ದೋಷವನ್ನೂ ಆಧರಿಸುವ ಮಾಡೆಲ್) ಓಡಿಸುವವರು ಎಚ್ಚರ: ಮೂರು ಕ್ಲಸ್ಟರಿನಲ್ಲಿ ಒಬ್ಬ ಬಡವನೂ ಸಿಗದ ತಾಲ್ಲೂಕಿನಲ್ಲಿ ದೋಷದ ಅಂದಾಜು ಸೊನ್ನೆ ಬರುತ್ತದೆ, ಮಾಡೆಲ್ ಅದನ್ನು ವೇದವಾಕ್ಯವೆಂದು ನಂಬುತ್ತದೆ.

ಹಂತ 5: ತೋರಿಸುವುದು

ಜನಸಂಖ್ಯೆಯ ತೂಕ ಹಾಕಿದ ತಾಲ್ಲೂಕುಗಳ ಸರಾಸರಿ ಜಿಲ್ಲೆಯ ಅಂಕಿಗೆ ಹೊಂದಲಿ. ನಕ್ಷೆಯಲ್ಲಿ ರಾಜ್ಯದ ಸರಾಸರಿಗಿಂತ ಬಡತನ ಹೆಚ್ಚಿರುವ ಸಂಭವ ತೋರಿಸಿ: 0.8 ಮೀರಿದರೆ ಗಾಢ, 0.2ಕ್ಕಿಂತ ಕೆಳಗಿದ್ದರೆ ತಿಳಿ, ನಡುವಿನವು ಬೂದು. ಬೂದು ತಾಲ್ಲೂಕುಗಳಿಗೆ ರ‍್ಯಾಂಕ್ ಕೊಡಬೇಡಿ.