ಸಣ್ಣ ಟೇಬಲ್ಲಿನ ಪೋಕರ್: ಮೂರು ದಿನ ಗೆದ್ದು ನಾಲ್ಕನೇ ದಿನ ಕಳೆಯುವವರಿಗೆ

ಮೂರು ದಿನ ತಾಳ್ಮೆಯಿಂದ ಆಡಿ ಸೇರಿಸಿದ್ದನ್ನೆಲ್ಲ ನಾಲ್ಕನೇ ದಿನ ಒಂದೇ ಗಂಟೆಯಲ್ಲಿ ಕಳೆಯುವುದರಲ್ಲಿ ನಾನು ಪಳಗಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಆನ್‌ಲೈನಿನಲ್ಲಿ ಆಡುತ್ತಿದ್ದದ್ದು ಅತಿ ಸಣ್ಣ ಬ್ಲೈಂಡಿನ (ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಪಣ), ಆರು ಜನರ ನೋ-ಲಿಮಿಟ್ ಹೋಲ್ಡೆಮ್: ಕೈಯಲ್ಲಿ ಎರಡು ಎಲೆ, ಮಧ್ಯದ ಬೋರ್ಡಿನಲ್ಲಿ ಎಲ್ಲರಿಗೂ ಸೇರಿದ ಐದು, ಪಣಕ್ಕೆ ಮಿತಿಯಿಲ್ಲ. ಹೊಸದು ಕಲಿತರೆ ಸರಿಹೋಗುತ್ತೆ ಅಂತ ವಿಡಿಯೋ ಮೇಲೆ ವಿಡಿಯೋ ನೋಡಿದೆ. ನನ್ನ ಒಳ್ಳೆಯ ದಿನ ಇನ್ನಷ್ಟು ಒಳ್ಳೆಯದಾಯಿತು. ಕೆಟ್ಟ ದಿನ ಮಾತ್ರ ಹಾಗೇ ಇತ್ತು.

ಕೊನೆಗೆ ಒಂದು ಸಂಜೆ ಆಟ ಬಿಟ್ಟು ಲೆಕ್ಕಕ್ಕೆ ಕೂತೆ. ನೀವೂ ಇಲ್ಲಿಂದಲೇ ಶುರು ಮಾಡಿ. ಆಡಿದ ಹ್ಯಾಂಡುಗಳ (ಒಂದು ಸಲ ಎಲೆ ಹಂಚಿ ಆಡಿದರೆ ಒಂದು ಹ್ಯಾಂಡ್) ದಾಖಲೆ ತೆಗೆದು, ಅತಿ ಹೆಚ್ಚು ಕಳೆದ 20 ಹ್ಯಾಂಡುಗಳನ್ನು ಹುಡುಕಿ. ಪ್ರತಿಯೊಂದರ ಪಕ್ಕ ಒಂದೇ ಒಂದು ಪದ ಬರೆಯಿರಿ, ಯಾಕೆ ಕಳೆದೆ ಅಂತ. ನನ್ನ ಪಟ್ಟಿಯಲ್ಲಿ ಆರು 'ನಸೀಬು'. ಜೋಡಿ ಎಕ್ಕ ಹಿಡಿದು ಜೋಡಿ ರಾಜನಿಗೆ ಸೋತಂಥವು. ಫ್ಲಾಪಿಗೆ (ಬೋರ್ಡಿನ ಮೊದಲ ಮೂರು ಎಲೆ) ಮೊದಲೇ ಇಬ್ಬರೂ ಆಲ್-ಇನ್ ಆದರೂ, ಅಂದರೆ ಮುಂದಿದ್ದದ್ದೆಲ್ಲ ಹಾಕಿದರೂ, ಎಕ್ಕ ಗೆಲ್ಲುವುದು ನೂರಕ್ಕೆ 82ರಷ್ಟು ಸಲ ಮಾತ್ರ, ಅದಕ್ಕೆ ಅಳಬೇಕಾಗಿಲ್ಲ. ಉಳಿದ 14ರಲ್ಲಿ ಒಂಬತ್ತರ ಪಕ್ಕ 'ಬೇಜಾರು', 'ಸಿಟ್ಟು', 'ನೋಡೇಬಿಡೋಣ' ಅಂತ ಇತ್ತು. ಸಮಯ ನೋಡಿದರೆ ಒಂಬತ್ತೂ ಆಟ ಶುರುವಾಗಿ ಒಂದು ಗಂಟೆ ದಾಟಿದ ಮೇಲಿನವು! ನನಗೆ ಗೊತ್ತಿಲ್ಲದ ತಂತ್ರ ಒಂದರಲ್ಲೂ ಇರಲಿಲ್ಲ.

ಆಮೇಲೆ 50 ನಿಮಿಷಕ್ಕೆ ಅಲಾರಂ ಇಟ್ಟೆ. ಹೊಡೆದರೆ 'ಮುಂದಿನ ಬಿಗ್ ಬ್ಲೈಂಡಿಗೆ (ಎರಡು ಬ್ಲೈಂಡುಗಳಲ್ಲಿ ದೊಡ್ಡದು) ಕೂರಬೇಡ' ಅನ್ನುವ ಗುಂಡಿ ಒತ್ತಿ ಏಳುವುದು. ಗೆಲ್ಲುತ್ತಿದ್ದರೂ ಸರಿ, ಸೋಲುತ್ತಿದ್ದರೂ ಸರಿ. ಎರಡನೇ ಕಟ್ಟು, ಒಂದೇ ಕೂತಲ್ಲಿ ಎರಡು ಬೈ-ಇನ್ (ಟೇಬಲ್ಲಿಗೆ ಕೂರುವಾಗ ತರುವ ದುಡ್ಡು), ಅಂದರೆ 200 ಬಿಗ್ ಬ್ಲೈಂಡ್ ಹೋದರೆ ಅವತ್ತಿಗೆ ಮುಗಿಯಿತು. ಮೂರನೇ ಬೈ-ಇನ್ ಹಾಕುವ ಮನುಷ್ಯ ಬೇರೆಯವನು, ಅವನ ಪರಿಚಯ ನನಗೆ ಚೆನ್ನಾಗಿದೆ. ಟೇಬಲ್ಲುಗಳನ್ನೂ ನಾಲ್ಕರಿಂದ ಎರಡಕ್ಕೆ ಇಳಿಸಿದೆ. ನಾಲ್ಕಿದ್ದಾಗ ಎದುರಾಳಿಯ ಮುಖ ಹೋಗಲಿ, ಹೆಸರೂ ನೋಡುತ್ತಿರಲಿಲ್ಲ.

ಇನ್ನು ಎಲೆಗಳ ವಿಚಾರ. ಸುಸ್ತಾದ ತಲೆ ಮೊದಲು ಮರೆಯುವುದು ಕೂತ ಜಾಗವನ್ನು. ಬಟನ್ (ಎಲೆ ಹಂಚುವವನ ಜಾಗ) ಮೇಲಿದ್ದರೆ ಫ್ಲಾಪ್ ಆದ ಮೇಲೆ ಪ್ರತಿ ಸುತ್ತಿನಲ್ಲೂ ಕೊನೆಯ ಮಾತು ನಿಮ್ಮದು, ಎಲ್ಲರದ್ದೂ ನೋಡಿ ತೀರ್ಮಾನಿಸಬಹುದು. ಸ್ಮಾಲ್ ಬ್ಲೈಂಡಿನಲ್ಲಿದ್ದರೆ (ಬಟನ್ನಿನ ನಂತರದ, ಚಿಕ್ಕ ಬ್ಲೈಂಡ್ ಹಾಕುವ ಜಾಗ) ಆ ಸುತ್ತುಗಳಲ್ಲೆಲ್ಲ ಮೊದಲು ಬಾಯಿ ಬಿಡಬೇಕು. ನನ್ನ ಸೋರಿಕೆ ಅಲ್ಲೇ ಇತ್ತು. 'ಹೇಗೂ ಅರ್ಧ ಬ್ಲೈಂಡ್ ಹಾಕಿದ್ದೀನಿ, ಇನ್ನೊಂಚೂರು ಕೊಟ್ಟು ನೋಡೋಣ' ಅಂತ ರಾಣಿ-ಎಂಟು, ಗುಲಾಮ-ಏಳು ಇಟ್ಟುಕೊಂಡು ರೈಸಿಗೆ (ಪಣ ಏರಿಸಿದ್ದಕ್ಕೆ) ಕಾಲ್ ಮಾಡುತ್ತಿದ್ದೆ, ಅಂದರೆ ಅಷ್ಟೇ ದುಡ್ಡು ಹಾಕಿ ಆಟದಲ್ಲಿ ಉಳಿಯುತ್ತಿದ್ದೆ. ಹಾಕಿದ ಬ್ಲೈಂಡ್ ಆಗಲೇ ಪಾಟಿನದ್ದು (ಮಧ್ಯದಲ್ಲಿ ಸೇರಿದ ದುಡ್ಡು), ನಿಮ್ಮದಲ್ಲ. ಈಗ ಯಾರಾದರೂ ರೈಸ್ ಮಾಡಿದ್ದರೆ ಸ್ಮಾಲ್ ಬ್ಲೈಂಡಿನಿಂದ ನನ್ನ ಉತ್ತರ ಎರಡೇ: ಒಳ್ಳೆಯ ಎಲೆಗೆ ಮತ್ತೆ ರೈಸ್, ಉಳಿದದ್ದಕ್ಕೆ ಫೋಲ್ಡ್ (ಎಲೆ ಬಿಟ್ಟುಬಿಡುವುದು). ದೊಡ್ಡ ಆಟಗಾರರು ಇದು ತೀರಾ ಬಿಗಿ ಅನ್ನಬಹುದು. ಇರಲಿ. ಚಂಚಲ ಮನಸ್ಸಿನವನಿಗೆ ಯೋಚನೆಗೆ ಜಾಗ ಕಮ್ಮಿ ಇರುವ ನಿಯಮವೇ ವಾಸಿ. ಸಣ್ಣ ಟೇಬಲ್ಲಿನಲ್ಲಿ ಸೈಟಿನವರು ಪಾಟಿನಿಂದ ಮುರಿದುಕೊಳ್ಳುವ ರೇಕ್ ಕೂಡ ಪಾಟಿನ ಗಾತ್ರಕ್ಕೆ ಹೋಲಿಸಿದರೆ ಜಾಸ್ತಿ. ಸುಮ್ನೆ ಒಳಗೆ ಹೋದ ಪ್ರತಿ ಪಾಟಿಗೂ ಆ ಪಾಲು ಕಟ್ಟಬೇಕು.

ಸಣ್ಣ ಜೋಡಿಗಳ ಬಗ್ಗೆ ಒಂದು ಮಾತು. ಜೋಡಿ ನಾಲ್ಕು ಬಂದಾಗ ಫ್ಲಾಪಿನಲ್ಲಿ ಇನ್ನೊಂದು ನಾಲ್ಕು ಸಿಗುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. ಸಿಕ್ಕಾಗ ದೊಡ್ಡದು ಕೊಡುವಷ್ಟು ದುಡ್ಡು ಎದುರಾಳಿಯ ಮುಂದಿಲ್ಲದಿದ್ದರೆ ಕಾಲ್ ಮಾಡಬೇಡಿ.

ಫ್ಲಶ್ (ಒಂದೇ ಜಾತಿಯ ಐದು ಎಲೆ) ಕಾಯುವವರಿಗೂ ಇದೇ ಲೆಕ್ಕ. ಟರ್ನ್ (ಬೋರ್ಡಿನ ನಾಲ್ಕನೇ ಎಲೆ) ಆದ ಮೇಲೆ ಆಟೀನಿನ ನಾಲ್ಕು ಎಲೆ ಸೇರಿದ್ದರೆ, ಕಾಣದ 46 ಎಲೆಗಳಲ್ಲಿ ಆಟೀನು ಒಂಬತ್ತು. ನೂರಕ್ಕೆ 20ರ ಹತ್ತಿರ. ಪಾಟಿನಲ್ಲಿ 10 ಬ್ಲೈಂಡ್ ಇದ್ದು ಎದುರಾಳಿ 5 ಹಾಕಿದರೆ, 20ರ ಪಾಟಿಗಾಗಿ ನೀವು 5 ಕೊಡಬೇಕು. ಅಂದರೆ ನೂರಕ್ಕೆ 25 ಸಲ ಗೆಲ್ಲಬೇಕು, ಎಲೆ ಬೀಳುವುದು 20 ಸಲ. ರಿವರಿನಲ್ಲಿ (ಐದನೇ, ಕೊನೆಯ ಎಲೆ) ಎಲೆ ಬಿದ್ದ ಮೇಲೆ ಇನ್ನಷ್ಟು ಕೀಳಬಹುದು ಅನ್ನಿಸಿದರೆ ಮಾತ್ರ ಕಾಲ್.

ನನಗೆ ಅತಿ ಹೆಚ್ಚು ಉಳಿಸಿಕೊಟ್ಟ ಅಭ್ಯಾಸ ಬೇರೆಯೇ. ಇಡೀ ಹ್ಯಾಂಡ್ ಮೆತ್ತಗೆ ಕಾಲ್ ಮಾಡಿಕೊಂಡು ಬಂದವನು ರಿವರಿನಲ್ಲಿ ಏಕಾಏಕಿ ದೊಡ್ಡ ರೈಸ್ ಮಾಡಿದರೆ, ನಂಬಿ. ಈ ಮಟ್ಟದಲ್ಲಿ ಅಲ್ಲಿ ಬ್ಲಫ್ ಮಾಡುವವರು ತುಂಬಾ ಕಮ್ಮಿ. ನನ್ನ ಕೈಯಲ್ಲಿ ಎಕ್ಕ-ರಾಜ, ಬೋರ್ಡಿನಲ್ಲಿ ಒಂದು ಎಕ್ಕ ಇದ್ದರೆ ಬಿಡೋಕೆ ಹೊಟ್ಟೆ ಉರಿಯುತ್ತೆ, ನಿಜ. ಮೌಸ್ ಮೇಲಿನ ಕೈ ತೆಗೆದು, ಐದರವರೆಗೆ ಎಣಿಸಿ, 'ಯಾವ ಕೆಟ್ಟ ಎಲೆಯಿಂದ ಇವನು ಹೀಗೆ ರೈಸ್ ಮಾಡ್ತಾನೆ?' ಅಂತ ಕೇಳಿಕೊಳ್ಳಿ. ಹೆಸರಿಸಲು ಒಂದೂ ಸಿಗದಿದ್ದರೆ ಫೋಲ್ಡ್.

ಫಲ ಬೇಗ ಕಾಣುತ್ತೆ ಅಂತ ಮಾತ್ರ ಕಾಯಬೇಡಿ. ಈ ಆಟದಲ್ಲಿ ಏರಿಳಿತ ಎಷ್ಟೆಂದರೆ 10,000 ಹ್ಯಾಂಡ್ ಆಡಿದ ಮೇಲೂ ಬರೀ ನಸೀಬಿನಿಂದ ಎಂಟೊಂಬತ್ತು ಬೈ-ಇನ್ ಆಚೀಚೆ ಆಗುವುದು ಮಾಮೂಲು. ಅದಕ್ಕೇ ನಾನು ದುಡ್ಡಿನ ಗ್ರಾಫ್ ತಿಂಗಳಿಗೊಮ್ಮೆ ಮಾತ್ರ ತೆಗೆಯುತ್ತೇನೆ. ಆಟಕ್ಕೆ ಬೇರೆ ಇಟ್ಟಿದ್ದು 40 ಬೈ-ಇನ್, ಪೂರ್ತಿ ಹೋದರೂ ಮನೆಗೆ ತಟ್ಟದ ದುಡ್ಡು. ದುಡ್ಡಿಟ್ಟು ಆಡಲು ಕಾನೂನು ಬಿಡದ ಕಡೆ ಇರುವವರು ಉಚಿತ ಟೇಬಲ್ಲಿನಲ್ಲೇ ಇದನ್ನೆಲ್ಲ ಅಭ್ಯಾಸ ಮಾಡಿ.

ದಿನವೂ ಬರೆಯುವುದು ಎರಡೇ ಸಂಗತಿ: ಅಲಾರಂ ಹೊಡೆದಾಗ ಎದ್ದೆನಾ, ಸ್ಮಾಲ್ ಬ್ಲೈಂಡಿನಲ್ಲಿ ಸುಮ್ನೆ ಕಾಲ್ ಮಾಡಿದೆನಾ. ಕಳೆದ ತಿಂಗಳು ಆಡಿದ 22 ದಿನಗಳಲ್ಲಿ 17 ದಿನ ಎದ್ದಿದ್ದೇನೆ. ಏಳದ ಐದು ದಿನವೂ ನಾನು ಗೆಲ್ಲುತ್ತಿದ್ದೆ. ಅದು ನನಗೇ ಆಶ್ಚರ್ಯ. ಈಗ ಅಲಾರಂ ಇರುವ ಫೋನನ್ನು ಪಕ್ಕದ ಕೋಣೆಯಲ್ಲಿ ಇಡುತ್ತಿದ್ದೇನೆ, ಆರಿಸೋಕಾದರೂ ಕುರ್ಚಿ ಬಿಡಬೇಕಲ್ವಾ.