ಸಣ್ಣ ಗಾಲ್ಫ್ ಪಂದ್ಯಾವಳಿಯ ಚರಿತ್ರೆ ಬರೆಯುವ ಬಗೆ: ಮಡೇರಾ ಓಪನ್‌ನ ಉದಾಹರಣೆ

ಯುರೋಪಿಯನ್ ಟೂರ್‌ನ, ಅಂದರೆ ವೃತ್ತಿಪರ ಗಾಲ್ಫ್ ಪಂದ್ಯಾವಳಿಗಳ ಸರಣಿಯೊಂದರ, ಸಣ್ಣ ಪಂದ್ಯಾವಳಿಯೊಂದರ ಚರಿತ್ರೆ ಬರೆಯಲು ಹೊರಟವರಿಗೆ ಮೊದಲು ಸಿಗುವುದು ವಿಜೇತರ ಪಟ್ಟಿ. ಅದನ್ನೇ ವಾಕ್ಯಗಳಾಗಿ ಬಿಡಿಸಿ ಬರೆದರೆ ಓದುಗರಿಗೆ ಹೊಸದೇನೂ ದೊರೆಯುವುದಿಲ್ಲ. ಪಟ್ಟಿಯಲ್ಲಿ ಎಲ್ಲಿ ಏರುಪೇರು ಕಾಣುತ್ತದೆಯೋ ಅಲ್ಲಿ ನಿಂತು ಕಾರಣ ಹುಡುಕಬೇಕು. ಪೋರ್ಚುಗಲ್‌ಗೆ ಸೇರಿದ ಮಡೇರಾ ದ್ವೀಪಗಳಲ್ಲಿ 1993ರಿಂದ 2015ರವರೆಗೆ ನಡೆದ ಮಡೇರಾ ಓಪನ್ ಈ ಅಭ್ಯಾಸಕ್ಕೆ ಬಹಳ ಒಳ್ಳೆಯ ಉದಾಹರಣೆ.

ಮೊದಲು ಮೈದಾನವನ್ನು ತಿಳಿದುಕೊಳ್ಳಿ. ಪಂದ್ಯಾವಳಿ ಹೆಚ್ಚಿನ ವರ್ಷ ನಡೆದದ್ದು ರಾಬರ್ಟ್ ಟ್ರೆಂಟ್ ಜೋನ್ಸ್ ವಿನ್ಯಾಸಗೊಳಿಸಿದ ಸಾಂತೊ ದ ಸೆರ್ರಾದಲ್ಲಿ. ಅದು ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಟ್ಲಾಂಟಿಕ್‌ನಿಂದ ಬೀಸುವ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತಾ ತಣಿದು ಮಂಜಾಗುತ್ತದೆ, ಆ ಮಂಜು ಕವಿದಾಗ ಚೆಂಡು ಎಲ್ಲಿ ಬಿತ್ತೆಂದು ಆಟಗಾರನಿಗೆ ಕಾಣದೆ ಆಟವನ್ನೇ ನಿಲ್ಲಿಸಬೇಕಾಗುತ್ತದೆ. 2009ರಿಂದ 2011ರವರೆಗೆ ಪಂದ್ಯಾವಳಿ ಪಕ್ಕದ ಪೋರ್ಟೊ ಸಾಂತೊ ದ್ವೀಪದಲ್ಲಿ, ಸೆವೆ ಬಾಲೆಸ್ಟೆರೋಸ್ ವಿನ್ಯಾಸದ ಅಂಗಳದಲ್ಲಿ ನಡೆಯಿತು. ಆದ್ದರಿಂದ ಪ್ರತಿ ವರ್ಷದ ಎದುರಿಗೂ ಸ್ಥಳವನ್ನು ಬರೆದಿಡಿ. ಅದಿಲ್ಲದೆ ಒಂದು ವರ್ಷದ ಸ್ಕೋರನ್ನು ಇನ್ನೊಂದರ ಜೊತೆ ಹೋಲಿಸುವುದು ಸರಿಯಲ್ಲ.

ಬಳಿಕ ಸ್ಕೋರಿನ ಅಂಕಣವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಓದಿ. ಗಾಲ್ಫ್‌ನಲ್ಲಿ ಸ್ಕೋರು ಎಂದರೆ ಚೆಂಡನ್ನು ಹೋಲ್‌ಗಳಿಗೆ, ಅಂದರೆ ಕುಳಿಗಳಿಗೆ, ಸೇರಿಸಲು ಬೇಕಾದ ಹೊಡೆತಗಳ ಸಂಖ್ಯೆ, ಅದು ಕಡಿಮೆಯಾದಷ್ಟೂ ಒಳ್ಳೆಯದು. ನಾಲ್ಕು ಸುತ್ತುಗಳ, ಅಂದರೆ 72 ಹೋಲ್‌ಗಳ ಮೊತ್ತಗಳ ನಡುವೆ 2014ರ ಸಾಲಿನಲ್ಲಿ 135 ಎಂಬ ಸಂಖ್ಯೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಇದು ದಾಖಲೆಯ ಆಟವೂ ಅಲ್ಲ, ಅಚ್ಚಿನ ತಪ್ಪೂ ಅಲ್ಲ. ಹವಾಮಾನ ಕೆಟ್ಟು ಪಂದ್ಯವನ್ನು 36 ಹೋಲ್‌ಗಳಿಗೆ ಇಳಿಸಲಾಗಿತ್ತು, ಡೇನಿಯಲ್ ಬ್ರೂಕ್ಸ್ ಪ್ಲೇ-ಆಫ್‌ನಲ್ಲಿ (ಸ್ಕೋರು ಸಮವಾದಾಗ ಆಡುವ ಹೆಚ್ಚುವರಿ ಆಟದಲ್ಲಿ) ಸ್ಕಾಟ್ ಹೆನ್ರಿಯನ್ನು ಸೋಲಿಸಿ ಗೆದ್ದರು. ಒಂದು ಸಂಖ್ಯೆಯ ಹಿಂದೆ ಒಂದಿಡೀ ವಾರದ ಕಾಯುವಿಕೆ ಅಡಗಿರುತ್ತದೆ, ಅದನ್ನು ಹೊರಗೆ ತರುವುದೇ ಚರಿತ್ರೆ ಬರೆಯುವವರ ಕೆಲಸ.

ಅದೇ ವಾರ ಬೇರೆಲ್ಲಿ ಯಾವ ಪಂದ್ಯ ನಡೆಯುತ್ತಿತ್ತೆಂದು ನೋಡುವುದನ್ನು ಮರೆಯಬೇಡಿ. 2014ರ ಮೇ ತಿಂಗಳಲ್ಲಿ ಬ್ರೂಕ್ಸ್ ಗೆದ್ದ ದಿನವೇ ಅಮೆರಿಕದಲ್ಲಿ ಮಾರ್ಟಿನ್ ಕೈಮರ್ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಗೆದ್ದರು. ಹೆಸರಾಂತರು ಅತ್ತ ಹೋದಾಗ ಇತ್ತ ಉಳಿದವರಿಗೆ ಅವಕಾಶದ ಬಾಗಿಲು ತೆರೆಯುತ್ತದೆ, ಸಣ್ಣ ಪಂದ್ಯಾವಳಿಯ ನಿಜವಾದ ಮಹತ್ವ ನನಗೆ ಕಾಣುವುದು ಇಲ್ಲಿಯೇ.

ಹಾಗಾಗಿ ಪ್ರತಿ ವಿಜೇತರ ಹಿಂದಿನ ಮತ್ತು ಮುಂದಿನ ವರ್ಷಗಳನ್ನೂ ಹುಡುಕಿ. 1999ರ ಬ್ರಿಟಿಷ್ ಓಪನ್‌ನ ಕೊನೆಯ ಹೋಲ್‌ನಲ್ಲಿ ಗೆಲುವನ್ನು ಕೈಚೆಲ್ಲಿದ ಜಾನ್ ವಾನ್ ಡೆ ವೆಲ್ಡ್, 1993ರ ನಂತರ ತಮ್ಮ ಮುಂದಿನ ಯುರೋಪಿಯನ್ ಟೂರ್ ಗೆಲುವನ್ನು ಕಂಡದ್ದು 2006ರಲ್ಲಿ, ಈ ಮಡೇರಾದಲ್ಲಿ. ಐರ್ಲೆಂಡಿನ ಡೆಸ್ ಸ್ಮಿತ್ 2001ರಲ್ಲಿ 48ನೆಯ ವಯಸ್ಸಿನಲ್ಲಿ ಇಲ್ಲಿ ಗೆದ್ದು ಟೂರ್‌ನ ಅತ್ಯಂತ ಹಿರಿಯ ವಿಜೇತರೆನಿಸಿದರು. ಆ ದಾಖಲೆಯನ್ನು 2012ರಲ್ಲಿ ಮಿಗೆಲ್ ಏಂಜೆಲ್ ಹಿಮೆನೆಸ್ ಹಾಂಗ್‌ಕಾಂಗ್‌ನಲ್ಲಿ ಮುರಿದರು. 2012ರಲ್ಲಿ ಪೋರ್ಚುಗಲ್‌ನವರೇ ಆದ ರಿಕಾರ್ಡೊ ಸಾಂತೋಸ್ ಗೆದ್ದರೆ, ಮರುವರ್ಷ ಗೆದ್ದ ಪೀಟರ್ ಯೂಲೈನ್ ಆ ಋತುವಿನ ಶ್ರೇಷ್ಠ ಹೊಸ ಆಟಗಾರರೆನಿಸಿದರು. ಎರಡು ಬಾರಿ ಗೆದ್ದವರು ಮ್ಯಾಟ್ಸ್ ಲಾನರ್ ಒಬ್ಬರೇ.

ದುಃಖದ ಘಟನೆಯನ್ನು ಬರೆಯುವಾಗ ಮಾತು ಹಿತಮಿತವಾಗಿರಲಿ. 2014ರ ಅಂತಿಮ ಸುತ್ತಿನಲ್ಲಿ ಅಲಸ್ಟೇರ್ ಫಾರ್ಸೈತ್ ಅವರ ಕ್ಯಾಡಿ (ಆಟಗಾರನ ಚೀಲ ಹೊರುವ ಸಹಾಯಕ) ಅಂಗಳದಲ್ಲೇ ಕುಸಿದು ತೀರಿಕೊಂಡರು. ಆ ಬಳಿಕವೂ ಆಟ ಮುಂದುವರಿದದ್ದು ಟೀಕೆಗೆ ಗುರಿಯಾಯಿತು. 2008ರ ವಿಜೇತರ ಸಾಲಿನಲ್ಲಿ ಇದೇ ಫಾರ್ಸೈತ್ ಅವರ ಹೆಸರಿದೆ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಸಾಕು, ವಿಶೇಷಣಗಳು ಬೇಕಿಲ್ಲ.

ಕೊನೆಯ ವರ್ಷದ ವಿಷಯದಲ್ಲೂ ಅಷ್ಟೇ ಎಚ್ಚರವಿರಲಿ. 2015ರ ಮಾರ್ಚ್‌ನಲ್ಲಿ ಹವಾಮಾನ ಅಡ್ಡಬಂದು ಪಂದ್ಯಾವಳಿ ಮುಂದಕ್ಕೆ ಹೋಯಿತು. ಜುಲೈ ಕೊನೆಯಲ್ಲಿ ಮತ್ತೆ ಆರಂಭವಾಗಿ, ಆಗಸ್ಟ್ ಮೊದಲಲ್ಲಿ ಫಿನ್ಲೆಂಡಿನ ರೂಪೆ ಕಾಕ್ಕೊ ಅವರ ಗೆಲುವಿನೊಂದಿಗೆ ಮುಗಿಯಿತು. ಕಾರಣವನ್ನು ಊಹಿಸದೆ, ಆನಂತರ ಪಂದ್ಯಾವಳಿ ನಡೆಯಲಿಲ್ಲ ಎಂದಷ್ಟೇ ಬರೆಯಿರಿ.