ಹೆಸರು ತೆಗೆದರೂ ಭೇದ ಉಳಿದಿತ್ತು: ನನ್ನ ಮೊದಲ ಆಡಿಟ್

ನಾನು ಬೆಂಗಳೂರಿನಲ್ಲಿ ಕೂತು ನ್ಯೂಯಾರ್ಕ್ ನಗರದ ಕಂಪನಿಗಳಿಗೆ ಆಡಿಟ್ ಮಾಡುತ್ತೇನೆ. ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಸಾಫ್ಟ್‌ವೇರ್ ಅಂಕ ಕೊಡುತ್ತದಲ್ವಾ, ಅದು ಯಾರಿಗಾದರೂ ಅನ್ಯಾಯ ಮಾಡುತ್ತಿದೆಯಾ ಅಂತ ನೋಡುವ ಕೆಲಸ. ಅಲ್ಲಿ 2023ರ ಜುಲೈ 5ರಿಂದ ಲೋಕಲ್ ಲಾ 144 ಅನ್ನೋ ನಗರದ ಕಾನೂನು ಜಾರಿಯಲ್ಲಿದೆ. ಇಂಥ ಸಾಫ್ಟ್‌ವೇರ್ ಬಳಸಬೇಕಾದರೆ ಹಿಂದಿನ ಒಂದು ವರ್ಷದೊಳಗೆ ಹೊರಗಿನವರಿಂದ ಆಡಿಟ್ ಆಗಿರಬೇಕು, ಅದರ ಸಾರಾಂಶವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು.

ಲೆಕ್ಕ ಕಷ್ಟದ್ದಲ್ಲ. ಎಲ್ಲರ ಅಂಕಗಳನ್ನು ಸಾಲಾಗಿ ಇಟ್ಟು ನಟ್ಟನಡುವಿನದನ್ನು ಹಿಡಿಯಬೇಕು. ಅದಕ್ಕಿಂತ ಮೇಲೆ ಬಂದವರು ಪ್ರತಿ ಗುಂಪಿನಲ್ಲಿ ಶೇಕಡಾ ಎಷ್ಟು ಅಂತ ನೋಡಿ, ಎಲ್ಲಕ್ಕಿಂತ ಜಾಸ್ತಿ ಬಂದ ಗುಂಪಿನ ದರದಿಂದ ಭಾಗಿಸಬೇಕು. ಗಂಡಸರದ್ದು ಶೇ. 60, ಹೆಂಗಸರದ್ದು ಶೇ. 45 ಅಂದುಕೊಳ್ಳಿ, ಅನುಪಾತ 0.75. ಅಮೆರಿಕದಲ್ಲಿ 1978ರಿಂದ ಇರುವ ಐದರಲ್ಲಿ ನಾಲ್ಕು ಪಾಲಿನ ಅಳತೆಯಂತೆ 0.8ಕ್ಕಿಂತ ಕೆಳಗೆ ಬಂದರೆ ಅದನ್ನು ಸಾಮಾನ್ಯವಾಗಿ ಭೇದದ ಸುಳಿವು ಅಂತ ನೋಡುತ್ತಾರೆ. ನಗರದ ಈ ಕಾನೂನು ಮಾತ್ರ ಅಂಥ ಗೆರೆ ಎಳೆದಿಲ್ಲ. ಅದು ದೊಡ್ಡ ಕೊರತೆ ಅಂತಲೇ ನನ್ನ ಅಭಿಪ್ರಾಯ.

ಮೊದಲ ಆಡಿಟ್‌ನಲ್ಲಿ ಗಂಡಸರು ಹೆಂಗಸರ ನಡುವಿನ ಈ ಅನುಪಾತ ಸರಿಯಾಗಿಯೇ ಇತ್ತು, ಜನಾಂಗದ್ದೂ ಅಷ್ಟೇ. ಎರಡನ್ನೂ ಸೇರಿಸಿ ನೋಡಬೇಕು ಅಂತ ಕಾನೂನು ಹೇಳುತ್ತದೆ, ಹಾಗೆ ನೋಡಿದಾಗ ಕಪ್ಪು ಮಹಿಳೆಯರ ಅನುಪಾತ ಕುಸಿದಿತ್ತು. ಹೆಸರು, ಲಿಂಗ, ಜನಾಂಗ ಯಾವುದನ್ನೂ ಅಂಕ ಕೊಡುವ ಮಾಡೆಲ್‌ಗೆ ಕೊಟ್ಟೇ ಇಲ್ಲವಲ್ಲ ಅಂತ ಆ ಕಂಪನಿಯ ತಂಡಕ್ಕೆ ಆಶ್ಚರ್ಯ. ಕೊಟ್ಟ ಮಾಹಿತಿಯ ಕಾಲಂಗಳನ್ನು ಒಂದೊಂದಾಗಿ ತೆಗೆದು ಓಡಿಸಿ ನೋಡಿದೆವು. ಸಿಕ್ಕಿದ್ದು ಎರಡು: ಕೆಲಸ ಬಿಟ್ಟಿದ್ದ ತಿಂಗಳುಗಳು, ಮನೆಯಿಂದ ಆಫೀಸಿಗೆ ಇರುವ ದೂರ. ಮಗು ಹೆತ್ತು, ಅಪ್ಪ ಅಮ್ಮನನ್ನು ನೋಡಿಕೊಂಡು ಕೆಲಸ ಬಿಟ್ಟವರಲ್ಲಿ ಹೆಂಗಸರೇ ಜಾಸ್ತಿ. ಯಾರು ಯಾವ ಬಡಾವಣೆಯಲ್ಲಿ ಇದ್ದಾರೆ ಅನ್ನೋದು ಆ ನಗರದಲ್ಲಿ ಜನಾಂಗದ ಜೊತೆ ಹೆಣೆದುಕೊಂಡಿದೆ. ಒಂದೊಂದೇ ಆದರೆ ಪೆಟ್ಟು ಸಣ್ಣದು, ಎರಡೂ ಒಬ್ಬಳ ಮೇಲೇ ಬಿದ್ದಾಗ ಅರ್ಜಿ ಅಲ್ಲೇ ಮುಗಿಯಿತು. ಆ ಕೆಲಸ ಮಾಡೋಕೆ ಇವೆರಡೂ ಬೇಕಾಗಿಯೇ ಇರಲಿಲ್ಲ!

ಆಡಿಟ್ ಮಾಡುವವರು ಮಾಡೆಲ್ ಮುಟ್ಟುವಂತಿಲ್ಲ. ಕಂಪನಿಯವರೇ ಆ ಕಾಲಂಗಳನ್ನು ತೆಗೆದು ಮತ್ತೆ ಕಟ್ಟಿದರು, ನಾವು ಮತ್ತೆ ಅಳೆದೆವು, ಅನುಪಾತ ಮೇಲೆ ಬಂತು. ಲಿಂಗ, ಜನಾಂಗ ಹೇಳದೆ ಬಿಟ್ಟವರು ಎಷ್ಟು ಜನ ಅನ್ನೋದನ್ನೂ ಸಾರಾಂಶದಲ್ಲಿ ಬರೆದೆವು. ಸುಮ್ನೆ ಬಿಡುವ ಹಾಗಿಲ್ಲ, ಕಾನೂನೇ ಕೇಳುತ್ತದೆ.

ಇದನ್ನು ಬಳಸುವುದಕ್ಕೆ 10 ಕೆಲಸದ ದಿನಗಳ ಮುಂಚೆ ಅರ್ಜಿದಾರರಿಗೆ ನೋಟಿಸ್ ಕೊಟ್ಟು, ಸಾಫ್ಟ್‌ವೇರ್ ಏನೇನು ಅಳೆಯುತ್ತದೆ ಅಂತ ತಿಳಿಸಬೇಕು. ಈ ಕಂಪನಿಯ ನೋಟಿಸ್‌ನಲ್ಲಿ ಕೌಶಲ, ಅನುಭವ ಅಂತಷ್ಟೇ ಇತ್ತು, ದೂರದ ಮಾತೇ ಇರಲಿಲ್ಲ. ಈಗ ಯಾವ ಆಡಿಟ್ ಬಂದರೂ ಮೊದಲು ನೋಟಿಸ್ ತರಿಸಿಕೊಂಡು, ಕಾಲಂಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಸಾಲು ಸಾಲಾಗಿ ಓದುತ್ತೇನೆ.